ಹಾಡುವ ಯಂತ್ರ ಮತ್ತು ಹೆಸರಿಲ್ಲದ ತಮಟೆ

ತಮಟೆಯವರು ಯಾವ ಊರಿಗೆ ಹೋದರೂ ಮೊದಲು ಹುಡುಕುವುದು ಬೆಂಕಿ ಹಾಕಲು ಒಂದು ಜಾಗ. ಜಾತ್ರೆಯಾಗಲಿ, ಮದುವೆಯ ಮೆರವಣಿಗೆಯಾಗಲಿ, ಸಾವಿನ ಮನೆಯಾಗಲಿ, ಗೋಡೆಯ ಮರೆಯಲ್ಲಿ ಒಂದಿಷ್ಟು ಒಣಹುಲ್ಲು, ಹಳೆಯ ಕಾಗದ, ತೆಂಗಿನ ಗರಿ ಗುಡ್ಡೆ ಮಾಡಿ ಕಡ್ಡಿ ಗೀರುತ್ತಾರೆ. ಉರಿಯ ಕಾವಿಗೆ ಚರ್ಮವನ್ನು ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಹಿಡಿದು, ತಂಪಿಗೆ ಸಡಿಲಗೊಂಡದ್ದು ಬಿಗಿಯಾಯಿತೆಂದು ಖಾತ್ರಿಯಾದ ಮೇಲೆಯೇ ಕೋಲು ಎತ್ತುವುದು. ಕಾವು ಹೆಚ್ಚಾದರೆ ಚರ್ಮ ಹರಿಯುತ್ತದೆ. ಕಡಿಮೆಯಾದರೆ ದನಿ ಏಳುವುದಿಲ್ಲ. ಈ ಹದ ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಂದದ್ದು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ, ಬಹುಕಾಲ ಊರಾಚೆಯ ಕೇರಿಯಲ್ಲೇ ಉಳಿದಿದ್ದ ಈ ವಾದ್ಯ ರಾಷ್ಟ್ರಪತಿ ಭವನದವರೆಗೂ ಹೋಗಿ ಬಂತು.

ಈಗ ಬೆಂಕಿಯ ಹಂಗಿಲ್ಲದ ಇನ್ನೊಂದು ತಮಟೆ ಬಂದಿದೆ. ಕೈಯಲ್ಲಿರುವ ಫೋನಿನಲ್ಲಿ ‘ಹಳ್ಳಿಯ ಜಾತ್ರೆಯ ಹಾಡು, ಗಂಡು ದನಿ, ಹಿಂದೆ ತಮಟೆ, ಜೋರು ಲಯ’ ಎಂದು ನಾಲ್ಕು ಮಾತು ಬರೆದರೆ ಸಾಕು. ಒಂದೆರಡು ನಿಮಿಷದಲ್ಲಿ ಸಾಹಿತ್ಯ, ರಾಗ, ಗಾಯನ, ವಾದ್ಯ ಎಲ್ಲವೂ ಸೇರಿದ ಹಾಡು ಸಿದ್ಧವಾಗಿ ಬರುತ್ತದೆ. ಹಾಡಿದವರಿಲ್ಲ, ಬಾರಿಸಿದವರಿಲ್ಲ. ಸುನೊ, ಯೂಡಿಯೊ ಎಂಬ ಹೆಸರಿನ ಅಮೆರಿಕದ ಕಂಪನಿಗಳು ಕೃತಕ ಬುದ್ಧಿಮತ್ತೆಯ ಇಂಥ ಯಂತ್ರಗಳನ್ನು 2023-24ರ ಹೊತ್ತಿಗೆ ಜನಸಾಮಾನ್ಯರ ಕೈಗೆ ಕೊಟ್ಟವು.

ಹಾಗಾದರೆ ತಮಟೆಯವರ ಕೆಲಸ ಹೋಯಿತೇ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ದಾರಿ ತಪ್ಪುತ್ತದೆ. ದೇವರ ಮುಂದೆ ಕುಣಿಯುವವನ ಹೆಜ್ಜೆ ನೋಡಿ ಲಯ ಏರಿಸುವ, ಇಳಿಸುವ ಕೆಲಸವನ್ನು ಫೋನು ಮಾಡಲಾರದು. ನಷ್ಟವಾಗುತ್ತಿರುವುದು ಕಣ್ಣಿಗೆ ಸುಲಭವಾಗಿ ಕಾಣದ ಬೇರೊಂದು ಕಡೆ. ಅದನ್ನು ತಿಳಿಯಲು ಈ ಭಾಗದ ಸಂಗೀತದವರು ವರ್ಷವಿಡೀ ಹೇಗೆ ಬದುಕುತ್ತಾರೆ ಎಂಬುದನ್ನು ಮೊದಲು ನೋಡಬೇಕು.

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆ ಎರಡು ಭಾಷೆಗಳ ಸೀಮೆ. ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ, ಭಜನೆಯಲ್ಲಿ ಎರಡೂ. ಗೌರಿಬಿದನೂರು ತಾಲ್ಲೂಕಿನ ಚಿಂತಲಪಲ್ಲಿಯ ಮನೆತನ ವೆಂಕಟರಾವ್, ರಾಮಚಂದ್ರರಾವ್ ಅವರಂಥ ಕರ್ನಾಟಕ ಸಂಗೀತದ ಹಿರಿಯ ಗಾಯಕರನ್ನು ಕೊಟ್ಟಿತು. ಅಂಥ ಹೆಸರುಗಳು ಪುಸ್ತಕಗಳಲ್ಲಿವೆ. ಪುಸ್ತಕಕ್ಕೆ ಬಾರದವರು ನೂರಾರು ಮಂದಿ: ಓಲಗದವರು, ಬ್ಯಾಂಡ್ ಸೆಟ್ಟಿನವರು, ಹರಿಕಥೆಗೆ ಪಕ್ಕವಾದ್ಯ ನುಡಿಸುವವರು, ಪಂಢರಿ ಭಜನೆಯ ತಂಡದವರು, ಆರ್ಕೆಸ್ಟ್ರಾದಲ್ಲಿ ಹಾಡುವವರು, ಸಂಜೆ ಮಕ್ಕಳಿಗೆ ಕೀಬೋರ್ಡು ಕಲಿಸುವವರು. ಇವರಲ್ಲಿ ಬಹುತೇಕರಿಗೆ ಸಂಗೀತ ಅರ್ಧ ಕಸುಬು. ಉಳಿದರ್ಧ ಹಿಪ್ಪುನೇರಳೆ ತೋಟವೋ, ಕೂಲಿಯೋ, ಆಟೊ ಓಡಿಸುವುದೋ ಆಗಿರುತ್ತದೆ.

ಈ ಅರ್ಧ ಕಸುಬಿಗೂ ಪಂಚಾಂಗವೇ ಯಜಮಾನ. ಮಾಘದಿಂದ ವೈಶಾಖದವರೆಗೆ ಮದುವೆ, ಜಾತ್ರೆ, ಶಿವರಾತ್ರಿಯ ತೇರು. ಶ್ರಾವಣದ ನಂತರ ಗಣಪತಿ ಉತ್ಸವ, ನವರಾತ್ರಿ, ರಾಜ್ಯೋತ್ಸವ. ನಡುವಿನ ಆಷಾಢ ಒಣ ತಿಂಗಳು. ಆ ತಿಂಗಳಲ್ಲೇ ಬರುವ ಗುರುಪೂರ್ಣಿಮೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಎಪ್ಪತ್ತೆರಡು ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುವುದು ಸಂಗೀತದವರ ಪಾಲಿಗೆ ಒಂದು ಭಾಗ್ಯ. ಹೆಸರಾಂತ ವಿದ್ವಾಂಸರ ಜೊತೆಗೇ ಹಳ್ಳಿಯ ಭಜನೆ ತಂಡಗಳೂ ಅಲ್ಲಿ ಕೂತು ಹಾಡುತ್ತವೆ. ಉಳಿದ ಬಿಡುವಿನ ದಿನಗಳಲ್ಲಿ ಅಡುಗೆಮನೆಯ ಒಲೆ ಉರಿಸಿದ್ದು ಸಣ್ಣಪುಟ್ಟ ಧ್ವನಿಮುದ್ರಣದ ಕೆಲಸಗಳು. ಊರ ದೇವರ ಭಕ್ತಿಗೀತೆಯ ಆಲ್ಬಂ, ಚುನಾವಣೆಯ ಪ್ರಚಾರದ ಹಾಡು, ಬಟ್ಟೆ ಅಂಗಡಿಯ ಜಾಹೀರಾತು, ಸಿನಿಮಾದ ಹಾಡಿಗೆ ದೊಡ್ಡ ಗಾಯಕರು ಬರುವ ಮುನ್ನ ಮಾದರಿಯಾಗಿ ಹಾಡಿಕೊಡುವ ‘ಟ್ರ್ಯಾಕ್’ ಗಾಯನ. ಯಾವುದರಲ್ಲೂ ಕೀರ್ತಿಯಿಲ್ಲ. ಆದರೆ ಬೆಳಗ್ಗೆ ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಬೆಂಗಳೂರಿನ ಸ್ಟುಡಿಯೊಗೆ ಹೋಗಿ, ರಾತ್ರಿ ಊರಿಗೆ ಬರುವಾಗ ಜೇಬಿನಲ್ಲಿ ನಗದು ಇರುತ್ತಿತ್ತು.

ಯಂತ್ರ ಮೊದಲು ಕೈಹಾಕಿರುವುದು ಈ ಕೆಲಸಗಳಿಗೆ. ಜಾಹೀರಾತಿನ ಹಾಡಿನಲ್ಲಿ ಯಾರ ದನಿ ಎಂದು ಯಾರೂ ಕೇಳುವುದಿಲ್ಲ. ಅದು ಬೇಗ ಸಿಗಬೇಕು, ಅಗ್ಗವಾಗಿರಬೇಕು, ಅಷ್ಟೇ. 2025ರಲ್ಲಿ ಬೆಂಗಳೂರಿನ ಅರ್ಚಕ ನರಸಿಂಹಮೂರ್ತಿಯವರು ‘ಲವ್ ಯು’ ಎಂಬ ಕನ್ನಡ ಚಿತ್ರವನ್ನು ಪೂರ್ತಿಯಾಗಿ ಕೃತಕ ಬುದ್ಧಿಮತ್ತೆಯಿಂದಲೇ ತಯಾರಿಸಿದರು. ನಟನಟಿಯರೂ ಯಂತ್ರದ್ದೇ, ಹಾಡು, ಹಿನ್ನೆಲೆ ಸಂಗೀತವೂ ಯಂತ್ರದ್ದೇ. ವೆಚ್ಚ ಸುಮಾರು 10 ಲಕ್ಷ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಹಣವಿಲ್ಲದ ಒಬ್ಬ ಸಾಮಾನ್ಯನಿಗೆ ಸಿನಿಮಾ ಮಾಡುವ ಬಾಗಿಲು ತೆರೆಯಿತು ಎಂದು ಸಂತೋಷಪಡುವುದಕ್ಕೆ ಕಾರಣವಿದೆ. ಆದರೆ ಅದೇ ಬಾಗಿಲಿನಿಂದ ಪಿಟೀಲಿನವರು, ತಬಲದವರು, ಕೋರಸ್ ಹಾಡುವ ಹೆಣ್ಣುಮಕ್ಕಳು ಹೊರಗೆ ಹೋದರು ಎಂಬುದೂ ನಿಜ.

ಯಂತ್ರ ಬಂದು ಸಂಗೀತದವರ ಜಾಗ ಹಿಡಿದದ್ದು ಇದೇ ಮೊದಲಲ್ಲ. ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲದವರು ಕೂತು ನುಡಿಸುತ್ತಿದ್ದರು. 1934ರಲ್ಲಿ ‘ಸತಿ ಸುಲೋಚನ’ ಕನ್ನಡದಲ್ಲಿ ಮಾತನಾಡಿದ ಮೇಲೆ ಅವರ ಕುರ್ಚಿ ಖಾಲಿಯಾಯಿತು. ಕೆಲವು ದಶಕಗಳ ಹಿಂದೆ ದೇವಸ್ಥಾನಗಳಿಗೆ ವಿದ್ಯುತ್ತಿನ ನಗಾರಿ ಬಂತು. ಮಂಗಳಾರತಿಯ ಹೊತ್ತಿಗೆ ಪೂಜಾರರು ಗುಂಡಿ ಒತ್ತಿದರೆ ನಗಾರಿ, ಗಂಟೆ, ಜಾಗಟೆ ಮೂರೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ಅದರ ಸದ್ದಿಗೆ ಕಿವಿ ಮುಚ್ಚಿಕೊಂಡ ಭಕ್ತರು, ಅಲ್ಲಿ ಮೊದಲು ನಿಂತು ಬಾರಿಸುತ್ತಿದ್ದವನು ಎಲ್ಲಿ ಹೋದ ಎಂದು ಕೇಳಿದ್ದು ಕಡಿಮೆ. ಅವನಿಗೆ ಸಿಗುತ್ತಿದ್ದುದು ಪಡಿಯಕ್ಕಿಯೋ, ಒಂದಿಷ್ಟು ಇನಾಮಿನ ಹೊಲವೋ ಇರಬಹುದು. ಅದರ ಜೊತೆಗೆ ದೇವಸ್ಥಾನದ ಅಂಗಳದಲ್ಲಿ ನಿಲ್ಲುವ ಒಂದು ಹಕ್ಕೂ ಇತ್ತು.

ಎಲ್ಲ ಯಂತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲಿ ಸ್ಥಾಪಿಸಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಗಳಿಂದ ಗುರುವಿಲ್ಲದ ಸಣ್ಣ ಊರುಗಳಲ್ಲೂ ಶ್ರುತಿ ಹಿಡಿದು ಅಭ್ಯಾಸ ಮಾಡುವುದು ಸಾಧ್ಯವಾಯಿತು. ಕಚೇರಿಯಲ್ಲಿ ಗುರುವಿನ ಹಿಂದೆ ತಂಬೂರ ಹಿಡಿದು ಕೂರುತ್ತಿದ್ದ ಶಿಷ್ಯ ಕೇಳುತ್ತ ಕೇಳುತ್ತ ಕಲಿಯುತ್ತಿದ್ದ ಪಾಠ ಮಾತ್ರ ಪೆಟ್ಟಿಗೆಯಿಂದ ಬರಲಿಲ್ಲ.

ಇಂದಿನ ಕಥೆಗೆ ನಿಜವಾದ ಪೀಠಿಕೆ ಬರೆದದ್ದು ಕ್ಯಾಸೆಟ್ಟು. 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾಗಿ, ಮುದ್ರಣ ಸುಲಭವಾಗಿ, ಅದುವರೆಗೆ ಗ್ರಾಮಫೋನ್ ಕಂಪನಿಗಳು ತಿರುಗಿಯೂ ನೋಡದ ಸಂಗೀತವೆಲ್ಲ ಅಂಗಡಿಗೆ ಬಂತು. ಜನಪದ ಗೀತೆ, ತತ್ತ್ವಪದ, ಊರ ದೇವರ ಸುಪ್ರಭಾತ, ಹರಿಕಥೆ, ತಮಟೆಯ ಹಾಡು. ಹಳ್ಳಿಯ ದನಿ ಮೊದಲ ಸಲ ಹಳ್ಳಿಯ ಹೋಟೆಲಿನಲ್ಲೇ ಕೇಳಿಸಿತು. ಆದರೆ ಒಪ್ಪಂದವೆಂಬುದು ಹೆಚ್ಚಿನ ಕಡೆ ಬಾಯಿಮಾತು: ಒಂದು ದಿನದ ಹಾಡಿಕೆಗೆ ಒಮ್ಮೆ ಕೊಡುವ ಹಣ, ಹೋಗಿಬರುವ ಖರ್ಚು, ಮಧ್ಯಾಹ್ನದ ಊಟ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮುಖ್ಯ ಗಾಯಕರ ಹೆಸರು, ಕೆಲವೊಮ್ಮೆ ಸಂಗೀತ ಸಂಯೋಜಕರ ಹೆಸರು. ಬಾರಿಸಿದವರ ಜಾಗದಲ್ಲಿ ‘ಮತ್ತು ಸಂಗಡಿಗರು’.

‘ಮತ್ತು ಸಂಗಡಿಗರು’ ಎಂಬ ಆ ಎರಡು ಪದಗಳಲ್ಲಿ ಎಷ್ಟು ಜನ ಅಡಗಿದ್ದಾರೋ ಲೆಕ್ಕವಿಲ್ಲ. ಕಾನೂನೂ ಅವರ ಕಡೆಗಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ, ಮುದ್ರಿಸಿದ ಕಂಪನಿಗೆ ಹಕ್ಕಿತ್ತು. ಹಾಡಿದವರಿಗೆ, ನುಡಿಸಿದವರಿಗೆ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಒಂದು ತೀರ್ಪಿನ ಕೊನೆಯಲ್ಲಿ ಈ ಕೊರತೆಯನ್ನು ಎತ್ತಿ ಆಡಿದ್ದರು. ಗಾಯಕನ ಹಾಡಿಕೆಯೇ ಮುಖ್ಯವಾದ ಈ ದೇಶದಲ್ಲಿ ಗಾಯಕನಿಗೇ ಹಕ್ಕಿಲ್ಲದಿರುವುದು ಅವರಿಗೆ ವಿಚಿತ್ರವಾಗಿ ಕಂಡಿತ್ತು. ‘ಪ್ರದರ್ಶಕರ ಹಕ್ಕು’ ಕಾನೂನಿನ ಪುಸ್ತಕಕ್ಕೆ ಬಂದದ್ದು 1994ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕ್ಯಾಸೆಟ್ಟಿನ ಉಚ್ಛ್ರಾಯ ಕಾಲ ಅರ್ಧ ಮುಗಿದಿತ್ತು.

ಆ ಕ್ಯಾಸೆಟ್ಟುಗಳು ಸಿ.ಡಿ. ಆದವು, ಸಿ.ಡಿ.ಗಳು ಯೂಟ್ಯೂಬಿಗೆ ಏರಿದವು, ಈಗ ಸ್ಪಾಟಿಫೈ, ಜಿಯೊಸಾವನ್ ಮೊದಲಾದ ‘ಸ್ಟ್ರೀಮಿಂಗ್’ ಸೇವೆಗಳಲ್ಲಿ ಹರಿಯುತ್ತಿವೆ. ಸ್ಟ್ರೀಮಿಂಗ್ ಎಂದರೆ ಹಾಡನ್ನು ಕೊಳ್ಳದೆ, ಜಾಲದ ಮೂಲಕ ಬೇಕೆಂದಾಗ ಕೇಳುವ ಪದ್ಧತಿ. ಕೇಳುಗ ತಿಂಗಳಿಗಿಷ್ಟು ಚಂದಾ ಕಟ್ಟುತ್ತಾನೆ, ಇಲ್ಲವೇ ನಡುವೆ ಜಾಹೀರಾತು ಕೇಳಿಸಿಕೊಂಡು ಪುಕ್ಕಟೆ ಕೇಳುತ್ತಾನೆ. ಆ ಹಣ ಹಾಡಿನವರಿಗೆ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಹೊರಗಿನವರಿಗೆ ಹೋಗಲಿ, ಹಾಡುವವರಿಗೇ ಸರಿಯಾಗಿ ತಿಳಿದಿರುವುದಿಲ್ಲ.

ಶಿಡ್ಲಘಟ್ಟದವರಿಗೆ ಇದನ್ನು ಗೂಡಿನ ಮಾರುಕಟ್ಟೆಯ ಮಾತಿನಲ್ಲಿ ಹೇಳುವುದು ಸುಲಭ. ಅಲ್ಲಿ ಒಬ್ಬೊಬ್ಬ ರೈತನ ರೇಷ್ಮೆಗೂಡು ಒಂದೊಂದು ಲಾಟು. ರೀಲರು ಗೂಡನ್ನು ಕೈಯಲ್ಲಿ ಹಿಡಿದು, ಅದುಮಿ ನೋಡಿ, ಆ ಲಾಟಿಗೆ ಇಷ್ಟೆಂದು ಬೆಲೆ ಕಟ್ಟುತ್ತಾನೆ. ಹರಾಜು ಈಗ ಕೂಗಿನ ಬದಲು ಕಂಪ್ಯೂಟರಿನಲ್ಲಿ ನಡೆದರೂ ಲಾಟು ಲಾಟಿಗೆ ಬೆಲೆ ಬೇರೆಯೇ. ಇದರ ಬದಲು, ಒಂದು ತಿಂಗಳು ಬಂದ ಗೂಡನ್ನೆಲ್ಲ ಒಂದೇ ರಾಶಿ ಹಾಕಿ, ರೀಲರುಗಳು ಕೊಟ್ಟ ಹಣವನ್ನೆಲ್ಲ ಒಂದೇ ಗಲ್ಲಾಪೆಟ್ಟಿಗೆಗೆ ಸುರಿದು, ಕೊನೆಗೆ ಯಾರು ಎಷ್ಟು ಬುಟ್ಟಿ ತಂದರೋ ಆ ಲೆಕ್ಕದಲ್ಲಿ ಹಣ ಹಂಚಿದರೆ ಹೇಗೆ? ಸ್ಟ್ರೀಮಿಂಗ್ ಸೇವೆಗಳ ಹಂಚಿಕೆ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಬುಟ್ಟಿಯ ಜಾಗದಲ್ಲಿ ‘ಎಷ್ಟು ಸಲ ಕೇಳಿದರು’ ಎಂಬ ಲೆಕ್ಕ. ಚಿಂತಾಮಣಿಯ ಕೇಳುಗನೊಬ್ಬ ತಿಂಗಳಿಡೀ ಕೈವಾರದ ತತ್ತ್ವಪದವನ್ನಷ್ಟೇ ಕೇಳಿದರೂ ಅವನು ಕಟ್ಟಿದ ಚಂದಾ ನೇರವಾಗಿ ಆ ಗಾಯಕರಿಗೆ ಹೋಗುವುದಿಲ್ಲ. ಅದು ದೊಡ್ಡ ಗಲ್ಲಾಪೆಟ್ಟಿಗೆ ಸೇರಿ, ದೇಶದಲ್ಲೆಲ್ಲ ಹೆಚ್ಚು ಕೇಳಿದ ಹಾಡುಗಳ ಪಾಲಾಗುತ್ತದೆ.

ಇಂಥ ಮಾರುಕಟ್ಟೆಗೆ ಯಾರಾದರೂ ಕಾಗದದ ಗೂಡು ತುಂಬಿದ ಬುಟ್ಟಿಗಳನ್ನು ತಂದು ಸುರಿದರೆ ಏನಾಗುತ್ತದೆ? ಗಲ್ಲಾದಲ್ಲಿ ನೂರು ರೂಪಾಯಿ ಇದ್ದು ನೂರು ಬುಟ್ಟಿ ಬಂದಿದ್ದರೆ ಬುಟ್ಟಿಗೆ ಒಂದು ರೂಪಾಯಿ. ಕಾಗದದ ನೂರು ಬುಟ್ಟಿ ಸೇರಿದರೆ ಎಂಟಾಣೆ. ರೈತನ ಗೂಡು ಕೆಡಲಿಲ್ಲ, ತೂಕ ಇಳಿಯಲಿಲ್ಲ, ಬೆಲೆ ಮಾತ್ರ ಅರ್ಧವಾಯಿತು.

ಹೀಗೆ ಸುರಿಯುವ ಕೆಲಸ ಈಗ ಜೋರಾಗಿ ನಡೆದಿದೆ. ಫ್ರಾನ್ಸಿನ ಡೀಜರ್ ಎಂಬ ಸ್ಟ್ರೀಮಿಂಗ್ ಸಂಸ್ಥೆ 2025ರ ನವೆಂಬರಿನಲ್ಲಿ ಹೇಳಿದಂತೆ, ಅದಕ್ಕೆ ಪ್ರತಿದಿನ ಬಂದು ಬೀಳುವ ಹೊಸ ಹಾಡುಗಳಲ್ಲಿ ಸುಮಾರು 50,000, ಅಂದರೆ ಮೂರರಲ್ಲೊಂದು ಪಾಲು, ಪೂರ್ತಿ ಯಂತ್ರದ ಹಾಡುಗಳು. ಇವನ್ನು ನಿಜವಾಗಿ ಕೇಳುವವರು ಕಡಿಮೆ. ಒಟ್ಟು ಕೇಳಿಕೆಯಲ್ಲಿ ಇವುಗಳ ಪಾಲು ಶೇ 0.5 ಮಾತ್ರ. ಆ ಕೇಳಿಕೆಯಲ್ಲೂ ಶೇ 70ರವರೆಗೆ ಮೋಸದ್ದು ಎಂದು ಅದೇ ಸಂಸ್ಥೆ ಕಂಡುಕೊಂಡಿತ್ತು. ಹಾಡುವುದೂ ಯಂತ್ರ, ಕೇಳುವುದೂ ಯಂತ್ರ, ಹಣ ಮಾತ್ರ ಮನುಷ್ಯನ ಖಾತೆಗೆ! ಅಮೆರಿಕದ ಉತ್ತರ ಕೆರೊಲಿನಾದ ವ್ಯಕ್ತಿಯೊಬ್ಬ ಇದೇ ರೀತಿ ಲಕ್ಷಾಂತರ ಯಂತ್ರದ ಹಾಡುಗಳನ್ನು ಏರಿಸಿ, ಯಂತ್ರಗಳಿಂದಲೇ ಕೇಳಿಸಿ, ಒಂದು ಕೋಟಿ ಡಾಲರಿಗೂ ಹೆಚ್ಚು ರಾಯಧನ ಪಡೆದನೆಂದು 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಮೊಕದ್ದಮೆ ಹೂಡಿತು. ಸ್ಪಾಟಿಫೈ ತಾನು ಹನ್ನೆರಡು ತಿಂಗಳಲ್ಲಿ ಏಳೂವರೆ ಕೋಟಿ ಕಸದ ಹಾಡುಗಳನ್ನು ತೆಗೆದುಹಾಕಿರುವುದಾಗಿ 2025ರ ಸೆಪ್ಟೆಂಬರಿನಲ್ಲಿ ತಿಳಿಸಿತು.

ಕಸ ಬಳಿಯುವಾಗ ಕಾಳೂ ಹೋಗುವುದುಂಟು. 2024ರಿಂದ ಸ್ಪಾಟಿಫೈ ಒಂದು ನಿಯಮ ತಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಿಕೆಯ ರಾಯಧನ ಇಲ್ಲ. ಚಿಲ್ಲರೆ ಮೊತ್ತ ಯಾರ ಕೈಗೂ ತಲುಪದೆ ಖಾತೆಗಳಲ್ಲೇ ಕೂರುತ್ತದೆ, ಮೋಸಗಾರರಿಗೂ ಅನುಕೂಲವಾಗುತ್ತದೆ ಎಂಬುದು ಅದರ ಸಮಜಾಯಿಷಿ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಗೌರಿಬಿದನೂರಿನ ಭಜನೆ ತಂಡವೊಂದು ತಮ್ಮೂರಿನ ದೇವರ ಮೇಲೆ ಕಟ್ಟಿ ಹಾಡಿದ ಹಾಡಿಗೆ ಕೇಳುಗರಿರುವುದೇ ಸುತ್ತಲ ಹತ್ತು ಹಳ್ಳಿಗಳಲ್ಲಿ. ಹಬ್ಬಕ್ಕೊಮ್ಮೆ ಕೇಳುವ ಹಾಡು ಸಾವಿರ ಮುಟ್ಟುವುದು ಯಾವಾಗ? ಸಾವಿರ ಮುಟ್ಟಿದರೂ ಬರುವುದು ಕೆಲವು ರೂಪಾಯಿ ಎಂಬುದು ಬೇರೆ ಮಾತು.

ಇಷ್ಟಾಗಿಯೂ ಪ್ರಶ್ನೆಯೊಂದು ಉಳಿಯುತ್ತದೆ. ಯಂತ್ರಕ್ಕೆ ಹಾಡಲು ಕಲಿಸಿದವರು ಯಾರು?

ಕಲಿಕೆಯ ಬಗೆಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಧ್ವನಿಮುದ್ರಿಕೆಗಳನ್ನು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ ಅಂಕಿಗಳಾಗಿ ಬದಲಿಸುತ್ತಾರೆ. ಲಕ್ಷಗಟ್ಟಲೆ ಹಾಡುಗಳ ಇಂಥ ಚೂರುಗಳನ್ನು ನೋಡಿ ನೋಡಿ, ಒಂದು ಚೂರಿನ ಮುಂದೆ ಎಂಥ ಚೂರು ಬರುವುದು ವಾಡಿಕೆ, ‘ಭಕ್ತಿಗೀತೆ’, ‘ಜಾತ್ರೆ’, ‘ಹೆಣ್ಣು ದನಿ’ ಎಂಬ ಮಾತುಗಳ ಜೊತೆ ಎಂಥ ನಾದ ಹೊಂದುತ್ತದೆ ಎಂಬ ಅಂದಾಜನ್ನು ಯಂತ್ರ ಕಟ್ಟಿಕೊಳ್ಳುತ್ತದೆ. ಕೇಳಿದಾಗ ಆ ಅಂದಾಜಿನಂತೆ ಒಂದರ ಮುಂದೊಂದು ಜೋಡಿಸಿ ಹೊಸ ಹಾಡು ಹೆಣೆಯುತ್ತದೆ. ಡಬ್ಬಿಯೊಳಗೆ ಹಳೆಯ ಹಾಡುಗಳನ್ನು ತುಂಬಿಟ್ಟು ಎತ್ತಿಕೊಡುವುದಲ್ಲ ಎಂದು ಕಂಪನಿಗಳು ವಾದಿಸುತ್ತವೆ. ಪೂರ್ತಿ ನಂಬುವಂತಿಲ್ಲ. ಒಂಬತ್ತು ಜರ್ಮನ್ ಹಾಡುಗಳ ಸಾಹಿತ್ಯವನ್ನು ಚಾಟ್‌ಜಿಪಿಟಿ ಯಂತ್ರ ಬಾಯಿಪಾಠದಂತೆ ಒಳಗಿಟ್ಟುಕೊಂಡು ಒಪ್ಪಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಮ್ಯೂನಿಕ್‌ನ ನ್ಯಾಯಾಲಯ 2025ರ ನವೆಂಬರಿನಲ್ಲಿ ಹೇಳಿತು.

ಜಗತ್ತಿನ ಮೂರು ದೊಡ್ಡ ಧ್ವನಿಮುದ್ರಣ ಕಂಪನಿಗಳು 2024ರ ಜೂನ್‌ನಲ್ಲಿ ಸುನೊ ಮತ್ತು ಯೂಡಿಯೊ ಮೇಲೆ ಮೊಕದ್ದಮೆ ಹೂಡಿದವು. ಸುನೊ ತನ್ನ ಉತ್ತರದಲ್ಲಿ ಮುಚ್ಚುಮರೆ ಮಾಡಲಿಲ್ಲ. ಜಾಲದಲ್ಲಿ ಎಲ್ಲರಿಗೂ ಸಿಗುವ, ಗುಣಮಟ್ಟದಲ್ಲಿ ತಕ್ಕಮಟ್ಟಿಗಿರುವ ಸಂಗೀತವನ್ನೆಲ್ಲ ಹೆಚ್ಚುಕಡಿಮೆ ಬಳಸಿಕೊಂಡಿದ್ದೇವೆ, ಆದರೆ ಅದು ಕಾನೂನಿಗೆ ವಿರುದ್ಧವಲ್ಲ ಎಂಬ ಅರ್ಥದಲ್ಲಿ ಒಪ್ಪಿಕೊಂಡಿತು. ‘ಎಲ್ಲ’ ಎನ್ನುವಾಗ ಅದರಲ್ಲಿ ಈ ಸೀಮೆಯ ತತ್ತ್ವಪದವೂ ತಮಟೆಯೂ ಸೇರಿಲ್ಲವೆಂದು ನಂಬಲು ಕಾರಣವಿಲ್ಲ. 2025ರ ಕೊನೆಗೆ ಯೂನಿವರ್ಸಲ್ ಕಂಪನಿ ಯೂಡಿಯೊ ಜೊತೆ, ವಾರ್ನರ್ ಕಂಪನಿ ಇಬ್ಬರ ಜೊತೆಗೂ ರಾಜಿ ಮಾಡಿಕೊಂಡು, ಇನ್ನು ಮುಂದೆ ಲೈಸೆನ್ಸ್ ಪಡೆದು ಹಾಡು ಬಳಸುವ ಒಪ್ಪಂದಕ್ಕೆ ಬಂದವು. ಒಳ್ಳೆಯದೇ. ಆದರೆ ರಾಜಿಯ ಮೇಜಿನ ಸುತ್ತ ಕೂತವರು ಲಕ್ಷಾಂತರ ಹಾಡುಗಳ ಪಟ್ಟಿ, ಪ್ರತಿ ಹಾಡಿಗೂ ಕಾಗದಪತ್ರ ಇಟ್ಟುಕೊಂಡ ಕಂಪನಿಗಳು. ‘ಮತ್ತು ಸಂಗಡಿಗರು’ ಆ ಮೇಜಿನ ಬಳಿಗೆ ಬರಬೇಕಾದರೆ ಮೊದಲು ಯಾವ ಹಾಡಿನಲ್ಲಿ ತಾವಿದ್ದೆವು ಎಂಬುದನ್ನು ತೋರಿಸಬೇಕು.

ದನಿಗೆ ಹೆಸರಿದ್ದವರ ಸ್ಥಿತಿ ಬೇರೆ. 2024ರ ಜನವರಿಯಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ತಮಿಳು ಚಿತ್ರದ ಒಂದು ಹಾಡಿಗೆ ದಿವಂಗತ ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ತಂದರು. ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟಿರುವುದಾಗಿ ಹೇಳಿದರು. ಮರುತಿಂಗಳೇ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆ ಬಳಸಿಕೊಂಡರೆಂದು ಅವರ ಮಗ ಚರಣ್ ತೆಲುಗು ಚಿತ್ರವೊಂದರವರಿಗೆ ನೋಟಿಸು ಕೊಟ್ಟ ಸುದ್ದಿ ಬಂತು. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ಸೀಮೆಯಲ್ಲಿ 2020ರಲ್ಲಿ ತೀರಿಕೊಂಡ ಆ ದನಿಯನ್ನು ಪರರದ್ದೆಂದು ಎಣಿಸುವವರಿಲ್ಲ. ಅದೇ ವರ್ಷದ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಯಂತ್ರದಿಂದ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ ತಡೆ ಹಾಕಿತು. ನ್ಯಾಯಾಲಯ ಕಾಪಾಡಿದ್ದು ಜನ ಗುರುತಿಸುವ ದನಿಯನ್ನು. ತಮಟೆಯ ಮೇಲೆ ಬೀಳುವ ಕೈಗೂ ಅಂಥ ಗುರುತಿದೆ. ಬಲ್ಲವರು ಕತ್ತಲಲ್ಲಿ ಕೇಳಿ ಇದು ಇಂಥ ಊರಿನ ತಂಡ ಎನ್ನುತ್ತಾರೆ. ಆದರೆ ಆ ಬಲ್ಲವರ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಈವರೆಗೆ ಕೇಳಿಲ್ಲ.

ಯಂತ್ರ ನಮ್ಮ ಸಂಗೀತವನ್ನು ಸರಿಯಾಗಿ ಹಾಡಲಾರದು ಎಂದು ಸಮಾಧಾನ ಪಡುವವರಿದ್ದಾರೆ. ಅದು ಅಲ್ಪಕಾಲದ ಸಮಾಧಾನ. ಡೀಜರ್ ಸಂಸ್ಥೆ ಎಂಟು ದೇಶಗಳ 9,000 ಜನರಿಗೆ ಹಾಡು ಕೇಳಿಸಿದಾಗ ಯಾವುದು ಯಂತ್ರದ್ದು ಎಂದು ಹೇಳಲಾರದವರು ಶೇ 97. ಭಾರತ ಆ ಎಂಟರಲ್ಲಿರಲಿಲ್ಲ. ಇದ್ದಿದ್ದರೂ ಫಲ ಬಹಳ ಬೇರೆಯಾಗುತ್ತಿತ್ತೇ ಎಂಬುದು ಅನುಮಾನ.

ಸಂಗೀತದವರು ಯಂತ್ರದೆದುರು ಏನನ್ನಾದರೂ ಗಳಿಸಿಕೊಂಡ ಉದಾಹರಣೆ ಚರಿತ್ರೆಯಲ್ಲಿ ಇಲ್ಲದಿಲ್ಲ. ಮಾತಿನ ಚಿತ್ರಗಳಿಂದ ಸಾವಿರಾರು ಜನ ಕೆಲಸ ಕಳೆದುಕೊಂಡ ಅಮೆರಿಕದ ವಾದ್ಯಗಾರರ ಸಂಘ, ರೆಕಾರ್ಡುಗಳೂ ತಮ್ಮ ಅನ್ನ ಕಸಿಯುತ್ತಿವೆ ಎಂದು 1942ರ ಆಗಸ್ಟ್ 1ರಿಂದ ಧ್ವನಿಮುದ್ರಣಕ್ಕೆ ನುಡಿಸುವುದನ್ನೇ ನಿಲ್ಲಿಸಿತು. ಮಹಾಯುದ್ಧದ ನಡುವೆ ಹಟ ಹಿಡಿದರೆಂದು ಜನ ಬೈದರು, ಅಧ್ಯಕ್ಷ ರೂಸ್‌ವೆಲ್ಟ್ ಮನವಿ ಮಾಡಿದರು. ಸಂಘ ಎರಡು ವರ್ಷಕ್ಕೂ ಮೀರಿ ಬಗ್ಗಲಿಲ್ಲ. ಕೊನೆಗೆ ಮಾರಾಟವಾದ ಪ್ರತಿ ರೆಕಾರ್ಡಿನಿಂದ ಇಷ್ಟೆಂದು ಒಂದು ನಿಧಿಗೆ ಕೊಡಲು ಕಂಪನಿಗಳು ಒಪ್ಪಿದವು. 1948ರಲ್ಲಿ ಅದಕ್ಕೆ ಟ್ರಸ್ಟಿನ ರೂಪ ಬಂತು. ಆ ಹಣದಿಂದ ಉದ್ಯಾನ, ಶಾಲೆ, ಆಸ್ಪತ್ರೆಗಳಲ್ಲಿ ಜನರಿಗೆ ಉಚಿತ ಕಚೇರಿಗಳು ನಡೆದವು, ನುಡಿಸಿದವರಿಗೆ ಸಂಬಳ ಸಿಕ್ಕಿತು. ಯಂತ್ರ ನಿಲ್ಲಲಿಲ್ಲ, ಯಂತ್ರದ ಗಳಿಕೆಯ ಒಂದು ಪಾಲು ಜೀವಂತ ಸಂಗೀತಕ್ಕೆ ಹರಿಯಿತು. ಚಿಕ್ಕಬಳ್ಳಾಪುರದ ಓಲಗದವರಿಗೆ ಅಂಥ ಸಂಘಬಲವಿಲ್ಲ ಎಂಬುದು ಬೇರೆ ಹೇಳಬೇಕಿಲ್ಲ.

ಇಲ್ಲಿರುವುದು ಕಾನೂನಿನ ಬಲ, ಅದೂ ಕಾಗದದ ಮೇಲೆ. 2012ರ ತಿದ್ದುಪಡಿಯ ನಂತರ, ಹಾಡಿದವರ ಹಾಗೂ ನುಡಿಸಿದವರ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಅವರಿಗೆ ರಾಯಧನ ಸಲ್ಲಬೇಕು. ಈ ಹಕ್ಕು 50 ವರ್ಷ ಇರುತ್ತದೆ. ಗಾಯಕರ ಪರವಾಗಿ ಹಣ ವಸೂಲು ಮಾಡುವ ಸಂಘ 2013ರಲ್ಲಿ ನೋಂದಣಿಯಾಯಿತು. ಕೈವಾರ ತಾತಯ್ಯನವರ ಉದಾಹರಣೆ ಇಲ್ಲಿ ಉಪಯುಕ್ತ. 1726ರಲ್ಲಿ ಹುಟ್ಟಿ ನೂರಹತ್ತು ವರ್ಷ ಬದುಕಿದರೆಂದು ಭಕ್ತರು ನಂಬುವ, ಬಳೆ ಮಾರುತ್ತಿದ್ದ ಯೋಗಿ ನಾರೇಯಣರ ತೆಲುಗು, ಕನ್ನಡ ಪದಗಳ ಮೇಲೆ ಇಂದು ಯಾರಿಗೂ ಕೃತಿಸ್ವಾಮ್ಯವಿಲ್ಲ, ಅವು ಎಲ್ಲರವು. ಹಾಗೆಂದು ಆ ಪದವನ್ನು ಕಳೆದ ವರ್ಷ ತಂಬೂರಿ ಹಿಡಿದು ಹಾಡಿದ ಚಿಂತಾಮಣಿಯ ಹೆಂಗಸಿನ ಹಾಡಿಕೆ ಎಲ್ಲರದಲ್ಲ, ಅವಳದು. ಪದ ಹಳೆಯದಾದ್ದರಿಂದ ಹಾಡಿಕೆಯೂ ಪುಕ್ಕಟೆ ಎಂದು ತಿಳಿಯುವುದು ವಾಡಿಕೆಯ ತಪ್ಪು. ಜನಪದ ಸಂಗೀತ ಎಂದರೆ ವಾರಸುದಾರರಿಲ್ಲದ ಆಸ್ತಿ ಎಂಬ ಭಾವನೆ ವಿದ್ಯಾವಂತರಲ್ಲೂ ಇದೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ ಒಂದು ಪ್ರಸ್ತಾವವನ್ನು ಸಾರ್ವಜನಿಕರ ಮುಂದಿಟ್ಟಿತು. ಅದರ ಸಾರ ಇಷ್ಟು: ಕಾನೂನುಬದ್ಧವಾಗಿ ಕೈಗೆ ಸಿಕ್ಕ ಕೃತಿಗಳನ್ನು ಯಂತ್ರದ ಕಲಿಕೆಗೆ ಬಳಸಲು ಪ್ರತಿಯೊಬ್ಬರ ಅನುಮತಿ ಬೇಡ, ಕೃತಿಕಾರರು ಬೇಡವೆನ್ನುವಂತೆಯೂ ಇಲ್ಲ, ಬದಲಿಗೆ ಯಂತ್ರದ ಕಂಪನಿಗಳು ತಮ್ಮ ವರಮಾನದಲ್ಲಿ ಒಂದು ಪಾಲು ಕೊಡಬೇಕು. ಒಂದೇ ಕೇಂದ್ರ ಸಂಸ್ಥೆ ಅದನ್ನು ವಸೂಲು ಮಾಡಿ, ಕೃತಿ ನೋಂದಾಯಿಸಿದವರಿಗೆ ಹಂಚಬೇಕು. ಬೇಡವೆನ್ನುವ ಹಕ್ಕನ್ನೇ ಕಿತ್ತುಕೊಂಡಂತಾಯಿತು ಎಂಬ ಆಕ್ಷೇಪಣೆ ಬಂದಿದೆ. ಯಂತ್ರದ ಕಂಪನಿಗಳಿಗೆ ದುಡ್ಡು ಕೊಡುವುದೇ ಇಷ್ಟವಿಲ್ಲ. ಈ ವಾಗ್ವಾದಗಳು ಹೇಗೇ ಮುಗಿಯಲಿ, ಹಣ ಹಂಚುವ ದಿನ ಬಂದರೆ ಅದು ಹೋಗುವುದು ನೋಂದಾಯಿತ ಹೆಸರುಗಳಿಗೆ. ಶಿಡ್ಲಘಟ್ಟದ ಗೂಡಿನ ರೈತನಿಗೆ ಲಾಟಿನ ಚೀಟಿ ಇದ್ದಂತೆ ಇಲ್ಲಿಯೂ ಒಂದು ಚೀಟಿ ಬೇಕು.

ಅಂಥ ಚೀಟಿಯೊಂದು ಈಗಾಗಲೇ ಇದೆ. ಸ್ಟ್ರೀಮಿಂಗಿಗೆ ಹೋಗುವ ಪ್ರತಿ ಧ್ವನಿಮುದ್ರಿಕೆಗೂ ಐ.ಎಸ್.ಆರ್.ಸಿ. ಎಂಬ ಹನ್ನೆರಡು ಅಕ್ಷರ, ಅಂಕಿಗಳ ಸಂಕೇತ ಕೊಡುತ್ತಾರೆ. ಅದರಲ್ಲಿ ನೋಂದಣಿಯ ಮೂಲ, ವರ್ಷ, ಕ್ರಮಸಂಖ್ಯೆ ಅಡಗಿರುತ್ತವೆ. ಬಾರಿಸಿದವರ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಹಾಡು ಏರಿಸುವಾಗ ತುಂಬುವ ನಮೂನೆಯಲ್ಲಿ ಮಾತ್ರ ಅದಕ್ಕೆ ಬೇರೆ ಖಾನೆಗಳಿರುತ್ತವೆ: ಗಾಯಕರು, ವಾದ್ಯಗಾರರು, ರಚನೆ. ತುಂಬುವವನು ಸಾಮಾನ್ಯವಾಗಿ ಬೆಂಗಳೂರಿನಲ್ಲೋ ಚಿಂತಾಮಣಿಯಲ್ಲೋ ಕಂಪ್ಯೂಟರಿನ ಮುಂದೆ ಕೂತ ಹುಡುಗ. ರಚನೆಯ ಖಾನೆಯಲ್ಲಿ ‘ಸಾಂಪ್ರದಾಯಿಕ’ ಎಂದು ಬರೆಯುತ್ತಾನೆ. ವಾದ್ಯಗಾರರ ಖಾನೆಯನ್ನು ಕಡ್ಡಾಯವೆಂದು ಗುರುತಿಸಿರುವುದಿಲ್ಲವಾದ್ದರಿಂದ ಹಾಗೇ ಬಿಟ್ಟು ಮುಂದಿನ ಪುಟಕ್ಕೆ ಹೋಗುತ್ತಾನೆ.